ಅಕ್ಕ ಹೂಂ ಅನ್ನುವ ಮೊದಲು

ಅಕ್ಕ: ಪತ್ರದ ಫೋಟೊ ಹಾಕಿದ್ದೇನೆ, ನೋಡಿ. ಆಸ್ಪತ್ರೆಯ ಆಡಳಿತ ನೋಡುವ ಮೆಡಿಕಲ್ ಸೂಪರಿಂಟೆಂಡೆಂಟ್ ಆಗುತ್ತೀರಾ ಅಂತ ಕೇಳಿದ್ದಾರೆ. ಸೋಮವಾರ ಉತ್ತರ ಕೊಡಬೇಕು.

ದೊಡ್ಡಪ್ಪ: ಖುಷಿಯಾಯಿತು ಮಗಳೇ. ಆದರೆ ಬೇಡ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ ಮಕ್ಕಳನ್ನು ನೋಡಿ ಪಳಗಿದ ಕೈ ನಿನ್ನದು. ಇನ್ನು ಫೈಲಿಗೆ ಸಹಿ ಹಾಕುತ್ತಾ ಕೂರುವುದಾ?

ಭಾವ: ನಾನೂ ಅದೇ ಹೇಳಿದೆ. ರೋಗಿ ಕಡೆಯವರು ಗಲಾಟೆ ಮಾಡಿದರೂ ಇವಳೇ, ಹಳದಿ ಚೀಲದಲ್ಲಿ ತುಂಬಿದ ಸೋಂಕಿನ ಕಸ 48 ಗಂಟೆ ದಾಟಿ ಉಳಿದರೂ ನೋಟಿಸಿಗೆ ಉತ್ತರ ಕೊಡುವುದು ಇವಳೇ.

ನಾನು: ಸ್ವಲ್ಪ ಕೇಳಿ. ನಾನು ನರ್ಸ್. ಆ ಕುರ್ಚಿಯಲ್ಲಿ ಯಾರಿದ್ದಾರೆ ಅನ್ನುವುದು ನಮಗೆ ರಾತ್ರಿ ಎರಡು ಗಂಟೆಗೆ ಗೊತ್ತಾಗುತ್ತದೆ. ಮೊದಲು ಕೆಲಸ ಮಾಡಿದ ಕಡೆ ಮಕ್ಕಳ ವಾರ್ಡಿನ ಸಕ್ಷನ್ ಮೆಷಿನ್ ಕಫ ಎಳೆಯುತ್ತಿರಲಿಲ್ಲ. ಮೂರು ಸಲ ಇಂಡೆಂಟ್ (ಬೇಡಿಕೆ ಚೀಟಿ) ಬರೆದೆ, ಮೂರೂ ಸಲ ‘ಮುಂದಿನ ತಿಂಗಳು’ ಅಂತ ವಾಪಸ್. ಒಂದು ರಾತ್ರಿ ಕಫ ಕಟ್ಟಿ ಮಗುವಿನ ತುಟಿ ನೀಲಿಯಾಯಿತು, ಪಕ್ಕದ ವಾರ್ಡಿಗೆ ಓಡಿ ಅಲ್ಲಿಯ ಮೆಷಿನ್ ಎಳೆದುಕೊಂಡು ಬಂದೆ, ಅದರ ಒಂದು ಚಕ್ರ ಮುರಿದಿತ್ತು, ಕಾರಿಡಾರ್ ಉದ್ದಕ್ಕೂ ಕರಕರ ಸದ್ದು. ಮಗು ಉಳಿಯಿತು. ಇಂಡೆಂಟ್ ವಾಪಸ್ ಕಳಿಸಿದವರು ಒಂದು ದಿನವೂ ವಾರ್ಡಿಗೆ ಬಂದವರಲ್ಲ. ಅಕ್ಕ ಆಗಿದ್ದರೆ ಮೊದಲ ಸಲವೇ ಸಹಿ ಬೀಳುತ್ತಿತ್ತು. ಸುಮ್ನೆ ಸಹಿ ಅನ್ನಬೇಡಿ ದೊಡ್ಡಪ್ಪ.

ಚಿಕ್ಕಮ್ಮ: ಟಿ.ಎಂ.ಎ. ಪೈ ಅವರೂ ಡಾಕ್ಟರೇ ಅಲ್ವಾ? ಬರೀ ರೋಗಿ ನೋಡಿಕೊಂಡು ಇದ್ದಿದ್ದರೆ 1953ರಲ್ಲಿ ಮಣಿಪಾಲದಲ್ಲಿ ಕೆಎಂಸಿ ಮೆಡಿಕಲ್ ಕಾಲೇಜು ಶುರುವಾಗುತ್ತಿತ್ತಾ?

ದೊಡ್ಡಪ್ಪ: ಅವರು ತಾವೇ ಕಟ್ಟಿದವರು, ಅವರ ಮಾತು ನಡೆಯುತ್ತಿತ್ತು. ಇವಳಿಗೆ ಜವಾಬ್ದಾರಿ ಕೊಟ್ಟು ದುಡ್ಡಿನ ಬೀಗದ ಕೈ ಮ್ಯಾನೇಜ್‌ಮೆಂಟ್ ಇಟ್ಟುಕೊಂಡರೆ?

ನಾನು: ಅದು ಸರಿ. ಅಕ್ಕಾ, ಅದನ್ನೇ ಮೊದಲು ಕೇಳು. ಎಷ್ಟು ರೂಪಾಯಿವರೆಗಿನ ಖರೀದಿಗೆ ನಿನ್ನ ಸಹಿ ಸಾಕು? ವಾರ್ಡಿಗೆ ನರ್ಸ್ ಕಡಿಮೆ ಬಿದ್ದರೆ ಹೊಸಬರನ್ನು ತೆಗೆದುಕೊಳ್ಳಲು ನಿನ್ನ ಮಾತು ನಡೆಯುತ್ತದಾ? ವಾರಕ್ಕೆ ಎರಡು ದಿನವಾದರೂ ಓಪಿಡಿ ನಿನಗೆ ಇರಲೇಬೇಕು, ಮಕ್ಕಳನ್ನು ಮುಟ್ಟಿ ನೋಡದೆ ನೀನು ಇರುವವಳಲ್ಲ. ಬಾಯಿಮಾತು ಬೇಡ, ಬರೆದು ಕೊಡಲಿ. ಕೊಡದಿದ್ದರೆ ನಾನೇ ಬೇಡ ಅನ್ನುತ್ತೇನೆ.

ಭಾವ: ಓಪಿಡಿ ಇದ್ದರೆ ನನ್ನದು ಅಡ್ಡಿ ಇಲ್ಲ. ಆದರೆ ರಾತ್ರಿ ಫೋನ್ ಜಾಸ್ತಿಯಾಗುತ್ತದೆ.

ಅಕ್ಕ: ಅದು ಈಗಲೂ ಬರುತ್ತದೆ. ತಂಗೀ, ಆ ಮೆಷಿನ್ ವಿಷಯ ಇಷ್ಟು ದಿನ ನನಗೆ ಯಾಕೆ ಹೇಳಲಿಲ್ಲ? ಶನಿವಾರ ಕದ್ರಿಗೆ ಬಾ. ಏನೇನು ಕೇಳಬೇಕು ಅಂತ ಕೂತು ಬರೆಯುವಾ.