ಹತ್ತು ಅಂತೀವಿ, ಇಪ್ಪತ್ತರಲ್ಲಿ ‘ಪ’ ಯಾಕೆ ಉಳೀತು?

ಪ್ರಶ್ನೆ: ಹಳಗನ್ನಡದ ಪಾಲ್, ಪೆಸರ್ ಈಗ ಹಾಲು, ಹೆಸರು. ಹಾಗಿದ್ದರೆ ಉಪ್ಪು, ತುಪ್ಪ, ಇಪ್ಪತ್ತು ಯಾಕೆ ಬದಲಾಗಲಿಲ್ಲ? ಇದಕ್ಕೆ ನಿಯಮ ಇದೆಯೇ?

ಉತ್ತರ 1: ಇದೆ, ಮತ್ತು ಅದು ಬಹಳ ಚೊಕ್ಕ ನಿಯಮ. ಪದದ ಮೊದಲಲ್ಲಿ, ಸ್ವರದ ಮುಂದೆ ಬರುವ ‘ಪ’ ಮಾತ್ರ ‘ಹ’ ಆಯಿತು. 10ನೇ ಶತಮಾನದ ಸುಮಾರಿಗೆ ಶುರುವಾಗಿ 14ನೇ ಶತಮಾನದ ಹೊತ್ತಿಗೆ ಬೇರೂರಿತು. ತುಟಿ ಪೂರ್ತಿ ಮುಚ್ಚದೆ ಹೋದರೆ ‘ಪ’ ಬರೀ ಉಸಿರಾಗಿ ಉಳಿಯುತ್ತದೆ. ಒತ್ತಕ್ಷರದಲ್ಲಿ (ಅಪ್ಪ, ಉಪ್ಪು), ಅನುಸ್ವಾರದ ನಂತರ (ತಂಪು, ಕಂಪು) ತುಟಿ ಬಿಗಿಯಾಗಿ ಕೂಡುವುದರಿಂದ ಸಡಿಲಿಕೆಗೆ ಜಾಗವೇ ಇಲ್ಲ. ಇಪ್ಪತ್ತಿನ ಒಳಗೆ ಹಳೆಯ ‘ಪತ್ತು’ ಹಾಗೇ ಕೂತಿದೆ, ನೋಡಿ ಎಷ್ಟು ಚೆಂದ!

ಉತ್ತರ 2: ಪರೀಕ್ಷಿಸಲು ತಮಿಳು, ತೆಲುಗಿನ ಜೋಡಿ ಪದ ಹುಡುಕಿ. ಹೋಗು ಎಂಬುದಕ್ಕೆ ಎರಡರಲ್ಲೂ ‘ಪೋ’. ಹಾವಿಗೆ ತಮಿಳಲ್ಲಿ ಪಾಂಬು, ತೆಲುಗಲ್ಲಿ ಪಾಮು. ಎಡವುವುದು ಸಂಸ್ಕೃತ ಪದಗಳಲ್ಲಿ: ಹಸ್ತ, ಹೇಮದ ‘ಹ’ ಮೂಲದ್ದೇ. ಪುಣ್ಯ, ಪಾಪ ಬದಲಾಗಲಿಲ್ಲ, ಆದರೆ ತದ್ಭವವಾಗಿ ಬೆರೆತ ಪಕ್ಷಿ ಹಕ್ಕಿಯಾಯಿತು, ಪರ್ವ ಹಬ್ಬವಾಯಿತು.

ಉತ್ತರ 3: ಬದಲಾವಣೆ ಇನ್ನೂ ನಡೆದೇ ಇದೆ. ಹಲವು ಆಡುನುಡಿಗಳಲ್ಲಿ ಹಾಲು ‘ಆಲು’ ಆಗಿದೆ. ಅದನ್ನು ತಪ್ಪು ಉಚ್ಚಾರ ಅನ್ನುವುದು ಸರಿಯಲ್ಲ. ಲ್ಯಾಟಿನ್‌ನ ‘ಫ’ ಸ್ಪ್ಯಾನಿಷ್‌ನಲ್ಲಿ ‘ಹ’ ಆಗಿ, ಈಗ ಬರಹದಲ್ಲಷ್ಟೇ ಉಳಿದಿದೆ. ‘ಹ’ ಬಿಟ್ಟುಹೋದವರು ಎಚ್ಚರವಹಿಸಿ ಮಾತಾಡುವಾಗ ಅಕ್ಕಿಯನ್ನು ‘ಹಕ್ಕಿ’ ಅನ್ನುವುದೂ ಈ ನಷ್ಟದ್ದೇ ಪರಿಣಾಮ.