ಮರುಭೂಮಿ ದಾಟಿ ಬ್ರಿಸಲ್‌ಕೋನ್ ಮರಗಳ ಕಡೆಗೆ: ಹೋಗಿಬಂದವರು ಹೇಳಿದ್ದು

ಕೇಳಿದವರು, ಮುಲುಂಡ್, ಮುಂಬೈ
ಸೆಪ್ಟೆಂಬರ್ ಕೊನೆಗೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಹೋಸೆಯಲ್ಲಿರುವ ಮಗಳ ಮನೆಗೆ ಹೊರಟಿದ್ದೇವೆ. ನನಗೂ ಮನೆಯವರಿಗೂ ಅರವತ್ತು ದಾಟಿದೆ. ನಾಲ್ಕೈದು ಸಾವಿರ ವರ್ಷ ಬದುಕುವ ಬ್ರಿಸಲ್‌ಕೋನ್ ಪೈನ್ ಮರಗಳನ್ನು ಕಣ್ಣಾರೆ ನೋಡಬೇಕೆಂಬುದು ಬಹಳ ಕಾಲದ ಆಸೆ. ಕ್ಯಾಲಿಫೋರ್ನಿಯಾದ ವೈಟ್ ಮೌಂಟನ್ಸ್‌ಗೆ ಹೋಗುವುದೋ, ನೆವಾಡಾದ ಗ್ರೇಟ್ ಬೇಸಿನ್‌ಗೋ? ಶರತ್ಕಾಲದ ಹೊನ್ನಿನ ಬಣ್ಣವೂ ಸಿಕ್ಕೀತೇ? ದಾರಿಗೆ ಏನು ತಯಾರಿ?

ಕೋಥ್ರೂಡ್, ಪುಣೆ
ಸ್ಯಾನ್ ಹೋಸೆಯಿಂದ ಹೊರಡುವವರಿಗೆ ವೈಟ್ ಮೌಂಟನ್ಸೇ ಸರಿ. ಯೊಸೆಮಿಟಿ ರಾಷ್ಟ್ರೀಯ ಉದ್ಯಾನದೊಳಗಿನ ಟಯೋಗಾ ಪಾಸ್ ಎಂಬ ಬೆಟ್ಟದ ದಾರಿ ದಾಟಿ ಬಿಷಪ್ ಊರಿನಲ್ಲಿ ತಂಗಿ. ಹಿಮ ಬಿದ್ದು ಪಾಸ್ ಮುಚ್ಚಿದರೆ ಬೇಕರ್ಸ್‌ಫೀಲ್ಡ್ ಕಡೆಯಿಂದ ಸುತ್ತಿ ಬರಬೇಕು, ಅದಕ್ಕೊಂದು ದಿನ ಕೈಯಲ್ಲಿರಲಿ. ಬೆಳಿಗ್ಗೆ ಬಿಗ್ ಪೈನ್ ಊರಿನಿಂದ 168ನೇ ಹೆದ್ದಾರಿ ಹಿಡಿದರೆ ಈ ಮರಗಳಿರುವ ಷುಲ್ಮನ್ ತೋಪಿನವರೆಗೆ ಡಾಂಬರು ರಸ್ತೆ, 40 ಕಿ.ಮೀ.ಗೂ ಕಡಿಮೆ. ಆದರೆ ಅಷ್ಟರಲ್ಲೇ ಸುಮಾರು 1,200 ಮೀಟರಿನಿಂದ 3,000 ಮೀಟರ್ ಮೇಲಕ್ಕೆ ಏರಿರುತ್ತೀರಿ. ನಮ್ಮ ಮಹಾರಾಷ್ಟ್ರದ ಅತಿ ಎತ್ತರದ ಕಳಸೂಬಾಯಿಯೇ 1,646 ಮೀಟರ್. ಸಿಂಹಗಡ ಹತ್ತಿ ರೂಢಿಯಿದೆ ಎಂಬ ಧೈರ್ಯ ಇಲ್ಲಿ ಸಾಲದು. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮೊದಲೇ ಡಾಕ್ಟರನ್ನು ಕೇಳಿ. ತಲೆ ಸಿಡಿಯತೊಡಗಿದರೆ, ವಾಕರಿಕೆ ಬಂದರೆ ಹಟ ಮಾಡದೆ ಕೆಳಗಿಳಿಯಿರಿ.

ಬಿಗ್ ಪೈನ್ ಬಿಟ್ಟ ಮೇಲೆ ಪೆಟ್ರೋಲೂ ಇಲ್ಲ, ಕುಡಿಯುವ ನೀರೂ ಇಲ್ಲ. ಎರಡನ್ನೂ ಕೆಳಗೇ ತುಂಬಿಸಿಕೊಳ್ಳಿ.

ತೋಪಿನಲ್ಲಿ ನಡೆಯಲು ಎರಡು ಮುಖ್ಯ ದಾರಿಗಳಿವೆ. ಚಿಕ್ಕದು ಒಂದೂವರೆ ಕಿ.ಮೀ. ಆಸುಪಾಸು, ದೊಡ್ಡದು ಸುಮಾರು ಏಳು. ಮೊಣಕಾಲು ನೋವಿದ್ದರೆ ಚಿಕ್ಕದೇ ಸಾಕು, ನಿಜಕ್ಕೂ ಸಾಕು. ಮರದ ಉಂಗುರಗಳ ಸಂಶೋಧಕ ಎಡ್ಮಂಡ್ ಷುಲ್ಮನ್ 1957ರಲ್ಲಿ ವಯಸ್ಸು ಪತ್ತೆಹಚ್ಚಿದ ಮೆಥುಸೆಲಾ ಎಂಬ ಮರ ದೊಡ್ಡ ದಾರಿಯ ಕಡೆ ಇದೆ. ಅದಕ್ಕೆ 4,800 ವರ್ಷಗಳ ಮೇಲಾಗಿದೆ. ಯಾವ ಮರವೆಂದು ಅರಣ್ಯ ಇಲಾಖೆ ಫಲಕ ಹಾಕಿಲ್ಲ, ಹಾಕದಿರುವುದೇ ಒಳ್ಳೆಯದು. ಒಂದು ಮರದ ಹೆಸರು ಹಿಡಿದು ಓಡದೆ ಎದುರಿಗಿರುವುದರ ಮುಂದೆ ನಿಲ್ಲಿ. ಕಾಂಡದ ಬಹುಭಾಗ ಸತ್ತು, ಗಾಳಿಗೆ ಹೊಳಪೇರಿ, ಒಂದು ಪಟ್ಟಿ ತೊಗಟೆ ಮಾತ್ರ ಬೇರಿನಿಂದ ಒಂದೇ ಕೊಂಬೆಗೆ ಜೀವ ಒಯ್ಯುತ್ತಿರುತ್ತದೆ. ಬಿಳಿ ಡೋಲೊಮೈಟ್ ಕಲ್ಲು, ಕಡಿಮೆ ಮಳೆ, ಚಳಿ. ಬೇರೆ ಗಿಡಗಳಿಗೆ ಒಗ್ಗದ ಆ ನೆಲದಲ್ಲಿ ಇವಕ್ಕೆ ಪೈಪೋಟಿ ಇಲ್ಲ. ನಿಧಾನವಾಗಿ ಬೆಳೆಯುವುದರಿಂದ ಮರ ಗಟ್ಟಿ, ತುಂಬ ರಾಳ. ಹುಳುವೂ ಅಣಬೆಯೂ ಸುಲಭಕ್ಕೆ ಒಳಹೊಗುವುದಿಲ್ಲ. ಕಷ್ಟದ ಜಾಗದ ಮರಗಳೇ ಹೆಚ್ಚು ಬಾಳಿವೆ ಎನ್ನುವುದು ಅಲ್ಲಿ ನಿಂತಾಗ ಕಣ್ಣಿಗೇ ಕಾಣುತ್ತದೆ.

ವಾಸ್ಕೋ, ಗೋವಾ
ಮರುಭೂಮಿ ದಾಟೋ ಆಸೆ ಇದ್ರ ಗ್ರೇಟ್ ಬೇಸಿನ್‌ಗೇ ಹೋಗ್ರಿ. ನೆವಾಡಾದ 50ನೇ ಹೆದ್ದಾರಿಗೆ ಅಮೆರಿಕದ ಅತಿ ಒಂಟಿ ರಸ್ತೆ ಅಂತ ಹೆಸರು. ಫಾಲನ್ ಬಿಟ್ರ ಆಸ್ಟಿನ್‌ಗೆ ಸುಮಾರು 180 ಕಿ.ಮೀ., ಮುಂದ ಯುರೇಕಾ, ಆಮ್ಯಾಲೆ ಈಲಿ. ನಡುವ ಒಂದು ಬೆಟ್ಟದ ಸಾಲು, ಒಂದು ಬಯಲು, ಮತ್ತ ಬೆಟ್ಟ, ಮತ್ತ ಬಯಲು. ಗೋವಾದಾಗ ಇರೋ ನಮಗ ಅಷ್ಟು ಖಾಲಿ ನೆಲ ನೋಡಿ ಗೊತ್ತಿರಲಿಲ್ಲ. ಭಾಳ ಕಡೆ ಮೊಬೈಲ್ ಸಿಗ್ನಲ್ ಇರೂದಿಲ್ಲ, ನಕಾಶೆ ಮೊದಲ ಇಳಿಸಿಕೊಂಡಿರ್ರಿ. ಪ್ರತಿ ಊರಾಗೂ ಟಾಂಕಿ ತುಂಬಿಸ್ರಿ. ಸಂಜೀ ಮ್ಯಾಲೆ ಗಾಡಿ ಓಡಿಸಬ್ಯಾಡ್ರಿ, ಜಿಂಕಿ ಅಡ್ಡ ಬರ್ತಾವು.

1964ರಾಗ ಗ್ರೇಟ್ ಬೇಸಿನ್‌ದಾಗ ಪ್ರೊಮಿಥಿಯಸ್ ಅನ್ನೋ ಮರ ಸಂಶೋಧನೆಗಂತ ಪರವಾನಗಿ ತಗೊಂಡೇ ಕಡಿದ್ರು. ಎಣಿಸಿದ್ರ, ವರ್ಷಕ್ಕೊಂದರಂಗ ಮೂಡೋ ಉಂಗುರ 4,862. ಓದಿದಾಗ ಹೊಟ್ಯಾಗ ಸಂಕಟ ಆತು. ಆ ಮರ ಇದ್ದ ಬೆಟ್ಟ 1986ರಾಗ ರಾಷ್ಟ್ರೀಯ ಉದ್ಯಾನ ಆತು. ಮರಗಳ ತನಕ ಹೋಗಿ ಬರೂದು ಸುಮಾರು ನಾಲ್ಕೂವರಿ ಕಿ.ಮೀ. ನಡಿಗಿ, ಅದೂ 3,000 ಮೀಟರಿನ ಮ್ಯಾಲೆ. ರಾತ್ರಿ ಆಕಾಶ ನೋಡಾಕ ಅಮಾವಾಸ್ಯೆ ಹತ್ರದ ದಿನ ಆರಿಸ್ಕೋರಿ.

ಡೊಂಬಿವಲಿ
ಬಣ್ಣದ ಬಗ್ಗೆ ಯಾರೂ ಹೇಳಲಿಲ್ಲ. ಬ್ರಿಸಲ್‌ಕೋನ್ ನಿತ್ಯಹಸಿರು ಮರ, ಹಳದಿಯಾಗುವುದಿಲ್ಲ. ಒಂದೊಂದು ಸೂಜಿ ಎಲೆ ಹತ್ತಾರು ವರ್ಷ ಕೊಂಬೆಯಲ್ಲೇ ಇರುತ್ತದೆ. ಹೊನ್ನಿನ ಬಣ್ಣ ಆಸ್ಪೆನ್ ಮರಗಳದು. ಬಿಷಪ್ ಕ್ರೀಕ್ ಕಣಿವೆಯಲ್ಲಿ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ಸಿಗುತ್ತದೆ, ಗ್ರೇಟ್ ಬೇಸಿನ್‌ನ ವೀಲರ್ ಶಿಖರದ ರಸ್ತೆಯಲ್ಲೂ ಹೆಚ್ಚುಕಡಿಮೆ ಅದೇ ಸಮಯ. ನಿಮ್ಮ ದಿನಾಂಕ ಚೆನ್ನಾಗಿದೆ, ಅಕ್ಟೋಬರ್ ಕೊನೆಗೆ ತಳ್ಳಬೇಡಿ.

ಇನ್ನೊಂದು ಮಾತು, ದಯವಿಟ್ಟು. ಬಿದ್ದಿರುವ ಒಣ ತುಂಡನ್ನೂ ನೆನಪಿಗೆಂದು ಎತ್ತಿಕೊಳ್ಳಬೇಡಿ. ಅಲ್ಲಿ ಸತ್ತ ಮರ ಸಾವಿರಾರು ವರ್ಷ ಕೊಳೆಯದೆ ಉಳಿಯುತ್ತದೆ. ಬದುಕಿರುವ ಮರದ ಉಂಗುರಗಳನ್ನು ಸತ್ತ ಮರದ ಉಂಗುರಗಳಿಗೆ ಹೊಂದಿಸುತ್ತ ಹಿಂದಕ್ಕೆ ಹೋಗಿಯೇ, ಹಳೆಯ ವಸ್ತುಗಳ ವಯಸ್ಸು ಹೇಳುವ ರೇಡಿಯೋ ಕಾರ್ಬನ್ ಲೆಕ್ಕವನ್ನು ತಿದ್ದಿದ್ದು; ಯುರೋಪಿನ ಎಷ್ಟೋ ಪ್ರಾಚೀನ ನೆಲೆಗಳು ಎಣಿಸಿದ್ದಕ್ಕಿಂತ ಹಳೆಯವೆಂದು ಆಗ ತಿಳಿಯಿತು. ಕಾಲಿನ ಬಳಿಯ ಆ ತುಂಡೂ ದಾಖಲೆಯೇ.

ಕೇಳಿದವರು
ವೈಟ್ ಮೌಂಟನ್ಸ್ ಎಂದು ಗಟ್ಟಿ ಮಾಡಿದೆವು, ಬಿಷಪ್‌ನಲ್ಲಿ ಎರಡು ರಾತ್ರಿ. ಗಾಡಿ ನಾನೂ ಓಡಿಸಬಹುದೇ?

ಕೋಥ್ರೂಡ್, ಪುಣೆ
ಓಡಿಸಬಹುದು. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಇಲ್ಲಿನ ಆರ್‌ಟಿಒದಲ್ಲೇ ಮಾಡಿಸಿಕೊಂಡು, ಮೂಲ ಲೈಸೆನ್ಸನ್ನೂ ಜೊತೆಗಿಟ್ಟುಕೊಳ್ಳಿ. ಆದರೆ ಬೆಟ್ಟದ ತಿರುವುಗಳಲ್ಲಿ ಮಗಳೇ ಓಡಿಸಲಿ. ಇಳಿಯುವಾಗ ಬ್ರೇಕ್ ಒತ್ತುತ್ತಲೇ ಇರದೆ ಕೆಳ ಗೇರಿನಲ್ಲಿ ಬರಲು ಹೇಳಿ. ಮುಂಬೈ ಚಳಿಗಾಲದ ಸ್ವೆಟರ್ ಮೇಲಿನ ಗಾಳಿಗೆ ತಡೆಯದು, ಕಿವಿ ಮುಚ್ಚುವ ಟೊಪ್ಪಿಗೆಯೂ ಗಾಳಿ ತಡೆಯುವ ಜಾಕೆಟ್ಟೂ ಬೇಕು. ಮೇಲೆ ಹೋಟೆಲಿಲ್ಲ, ಚಪಾತಿ, ಚಟ್ನಿಪುಡಿ ಕಟ್ಟಿಕೊಳ್ಳಿ.