‘ಧೌ’ಗೆ ಕನ್ನಡ ಪದ: ಪತ್ತೇಮಾರಿ ಅಲ್ಲ, ‘ವಾತನೌಕೆ’ಯೂ ಬೇಡ

ಅರಬ್ ಕರಾವಳಿಯ ಹಾಯಿಹಡಗು ‘ಧೌ’ಗೆ, ಅಂಥ ಇನ್ನೂ ಕೆಲವು ಮಾತುಗಳಿಗೆ ಕನ್ನಡದಲ್ಲಿ ಏನನ್ನಬೇಕು ಅಂತ ಕೇಳಿದ್ದೀರಿ ಮೇಡಂ. ಒಮಾನ್ ಪ್ರವಾಸದ ಕೈಪಿಡಿ ಶುಕ್ರವಾರ ಅಚ್ಚಿಗೆ ಹೋಗಬೇಕು ಅಂತಲೂ ಅಂದಿದ್ದೀರಿ. ಹಾಗಾಗಿ ಮೊದಲು ಉತ್ತರ, ವಾದ ಆಮೇಲೆ.

ತಲೆಬರಹಕ್ಕೆ ‘ಹಾಯಿಹಡಗು’ ಸಾಕು. ಒಳಗೆ ಒಂದೊಂದು ಹಡಗನ್ನೂ ಅಲ್ಲಿಯವರು ಕರೆಯುವಂತೆಯೇ ಬರೆಯಿರಿ: ಘಂಜಾ, ಬೂಮ್, ಸಂಬೂಕ್. ‘ಧೌ’ ಅನ್ನುವುದು ಇಂಗ್ಲಿಷ್ ಬರಹಗಳು ಹರಡಿದ ಒಟ್ಟು ಹೆಸರು. ಒಮಾನಿನ ಸೂರ್ ಊರಿನಲ್ಲಿ ಹಡಗು ಕಟ್ಟುವ ಜಾಗದಲ್ಲಿ ನಾನು ಆ ಪದ ಹೇಳಿದೆ. ಅಲ್ಲಿದ್ದ ಬಡಗಿ ‘ಯಾವುದು?’ ಅಂತ ತಿರುಗಿ ಕೇಳಿದರು. ಆಮೇಲೆ ಅಂಗೈಯನ್ನೇ ಹಡಗು ಮಾಡಿ ತೋರಿಸಿದರು. ಬೂಮ್‌ಗೆ ಹಿಂದೆ ಮುಂದೆ ಎರಡೂ ಕಡೆ ಚೂಪು. ಸಂಬೂಕ್‌ನ ಹಿಂಭಾಗ ಚಪ್ಪಟೆ. ಘಂಜಾಕ್ಕೆ ಹಿಂಬದಿಯ ಹಲಗೆ ತುಂಬ ಕೆತ್ತನೆ, ಮೂತಿಯ ತುದಿಯಲ್ಲಿ ಮೂರೆಸಳಿನಂಥದ್ದೊಂದು ಅಲಂಕಾರ. ದಡದಲ್ಲಿ ನಿಲ್ಲಿಸಿರುವ ‘ಫತಹ್ ಅಲ್ ಖೈರ್’ ಘಂಜಾನೇ. 1951ರಲ್ಲಿ ಸೂರ್‌ನಲ್ಲೇ ಕಟ್ಟಿದ್ದು. ಯೆಮನ್‌ನಲ್ಲಿ ಇದ್ದದ್ದನ್ನು 1993ರಲ್ಲಿ ಕೊಂಡು ವಾಪಸ್ ತಂದರು. ಒಂದು ಊರು ಹಳೇ ಹಡಗನ್ನು ಹುಡುಕಿ ಮನೆಗೆ ತರುತ್ತದೆ ಅಂದರೆ ಅದರ ಹೆಸರನ್ನು ನಾವು ಅಳಿಸಬಾರದು, ಅಲ್ವಾ?

‘ಪತ್ತೇಮಾರಿ’ ಆಗುವುದಿಲ್ಲ. ಅದು ನಮ್ಮ ಪಡುವಣ ಕರಾವಳಿಯ ಬೇರೆಯೇ ಹಡಗು. ‘ವಾತನೌಕೆ’ ಯಾರ ಬಾಯಲ್ಲೂ ಇಲ್ಲ. ಅದರ ಬಗ್ಗೆ ಇಷ್ಟೇ.

ಎರಡನೆಯದು, ಮಸ್ಕತ್‌ನ ರಸ್ತೆ ವೃತ್ತದಲ್ಲಿ ಇಟ್ಟಿರುವ ‘ಸೋಹಾರ್’. 1980ರಲ್ಲಿ ಮಸ್ಕತ್ ಬಿಟ್ಟು 1981ರಲ್ಲಿ ಚೀನಾದ ಕ್ಯಾಂಟನ್ ಮುಟ್ಟಿದ ಹಡಗು ಅದು. ಹಲಗೆ ಕೂಡಿಸಲು ಮೊಳೆ ಹೊಡೆದಿಲ್ಲ. ಅಂಚಿನುದ್ದಕ್ಕೂ ತೂತು ಕೊರೆದು, ಕತ್ತದ ಹುರಿ ಪೋಣಿಸಿ, ಎಳೆದು ಬಿಗಿದಿದ್ದಾರೆ. ಇದಕ್ಕೆ ‘ಹೊಲಿದ ಹಡಗು’ ಅನ್ನಿ. ‘ಹೆಣೆದ’ ಅಂದರೆ ಬುಟ್ಟಿ ನೆನಪಾಗುತ್ತದೆ. 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರಿದ ‘ಕೌಂಡಿನ್ಯ’ವೂ ಇದೇ ಬಗೆಯದು. ಎರಡಕ್ಕೂ ಒಂದೇ ಪದ ಇದ್ದರೆ ಓದುವವರಿಗೆ ತಟ್ಟನೆ ಹೊಳೆಯುತ್ತದೆ.

ಒಮಾನಿನ ದಕ್ಷಿಣದ ಸಲಾಲಾದಲ್ಲಿ ಹೇಳುವ ‘ಖರೀಫ್’ಗೆ ಶರದೃತು ಅಂತ ಬರೆಯಬೇಡಿ. ಅಲ್ಲಿ ಅದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತುಂತುರು ಮಳೆ, ಮಂಜು. ‘ಮುಂಗಾರು’ ಅನ್ನಿ. ನಮ್ಮ ರೈತರು ಮುಂಗಾರು ಬೆಳೆಗೆ ಹೇಳುವ ಖಾರಿಫ್ ಕೂಡ ಅದೇ ಪದ.

ಇನ್ನು ‘ಅರಬ್ಬಿ ಪದ ಬೇಡವೇ ಬೇಡ, ಅಚ್ಚಗನ್ನಡ ಬೇಕು’ ಅಂತ ಪತ್ರ ಬರೆದವರಿಗೆ. ನಿಮ್ಮ ಪತ್ರದಲ್ಲೇ ಬಂದರು ಇದೆ, ಲಂಗರು ಇದೆ. ಎರಡೂ ಪಾರಸಿ. ಚುಕ್ಕಾಣಿಯನ್ನು ‘ಚುಕ್ಕಿ ಕಾಣಿ’ ಅಂತ ಬಿಡಿಸಿದ್ದೀರಿ. ತಪ್ಪು. ತಮಿಳು, ಮಲಯಾಳದಲ್ಲಿ ಚುಕ್ಕಾನ್, ಮರಾಠಿಯಲ್ಲಿ ಸುಕಾಣೂ. ಎಲ್ಲಕ್ಕೂ ಮೂಲ ಅರಬ್ಬಿಯ ‘ಸುಕ್ಕಾನ್’. ಅದೇ ಹಡಗಿನ ಹಿಂದಿನ ತಿರುಗುಹಲಗೆ. ನಕ್ಷತ್ರಕ್ಕೂ ಅದಕ್ಕೂ ಸಂಬಂಧ ಇಲ್ಲ. ದಿನಾ ಪತ್ರಿಕೆಯಲ್ಲಿ ‘ಅಧಿಕಾರದ ಚುಕ್ಕಾಣಿ’ ಓದುವ ನಾವು ಯಾರೂ ಅದನ್ನು ಹೊರಗಿನದು ಅಂದುಕೊಳ್ಳುವುದಿಲ್ಲ. ಅಂದುಕೊಳ್ಳಬೇಕಾಗಿಯೂ ಇಲ್ಲ.

ಪದಗಳು ಈ ಕಡೆಯಿಂದಲೂ ಹೋಗಿವೆ. ತೆಂಗಿನಕಾಯಿಗೆ ಅರಬರು ಅನ್ನುವ ‘ನಾರ್ಜೀಲ್’ ನಮ್ಮ ನಾರಿಕೇಳವೇ, ಪಾರಸಿ ದಾಟಿ ಹೋದದ್ದು. ಮರ ಮಲಬಾರಿನಿಂದ ಹೋಗುತ್ತಿತ್ತು, ಹುರಿ ತೆಂಗಿನದು. ಹಡಗೇ ಹೀಗೆ ಎರಡು ದಡ ಸೇರಿ ಆಗಿರುವಾಗ ಅದರ ಪದಕ್ಕೆ ಮಾತ್ರ ಒಂದೇ ದಡ ಹುಡುಕುವುದು ನನಗೆ ಒಪ್ಪಿಗೆಯಿಲ್ಲ. ಹಡಗಿನ ನಾಯಕನಿಗೆ ಹೇಳುವ ನಾಖುದಾ ಅನ್ನುವುದು ಉತ್ತರ ಕನ್ನಡದ ಕರಾವಳಿಯಲ್ಲಿ ಇವತ್ತಿಗೂ ಮನೆತನದ ಹೆಸರು. ಆ ಮನೆಯವರ ಎದುರು ನಿಂತು ಇದು ಕನ್ನಡದ ಪದ ಅಲ್ಲ ಅಂತ ಹೇಳುತ್ತೀರಾ? ಸುಮ್ನೆ ಹೊಸ ಪದ ಕಟ್ಟುವ ಮೊದಲು ತಾಂಡೇಲ, ಖಲಾಸಿ ಅನ್ನುವ ದೋಣಿ ಕೆಲಸದ ಜನ ಏನೇನು ಹೇಳುತ್ತಾರೆ ಅಂತ ಕೇಳಿ ಬರೆದಿಡೋಣ. ಅದು ಜಾಸ್ತಿ ಅವಸರದ ಕೆಲಸ.

ಮೇಡಂ, ಚಿತ್ರದ ಕೆಳಗಿನ ಸಾಲು ಹೀಗಿರಲಿ: ‘ಫತಹ್ ಅಲ್ ಖೈರ್. ಘಂಜಾ ಬಗೆಯ ಹಾಯಿಹಡಗು. ಸೂರ್, 1951.’ ನಾಯಕನಿಗೆ ‘ನಾಖುದಾ’ ಅಂತಲೇ ಹಾಕಿ. ಕರಡನ್ನು ಗುರುವಾರ ಸಂಜೆಯೊಳಗೆ ಕಳಿಸಿದರೆ ರಾತ್ರಿಯೇ ನೋಡಿಕೊಡುತ್ತೇನೆ.